ರಾಗಿಕಲ್ಲಿಗೆ ಗುಡಿ ಕಟ್ಟಿದ ಮಹನೀಯ: ಶ್ರೀ ಎಚ್. ಎಲ್. ನಾಗೇಗೌಡರು

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಕಾಡುಬೆಟ್ಟಗಳ ನಡುವೆ ಕಾವೇರಿಯು ಬಳುಕಿ ಹರಿಯುವೆಡೆಯಲ್ಲಿ, ಮುತ್ತತ್ತಿ ಎಂಬ ಪುಣ್ಯಸ್ಥಳವಿದೆ. ಸೀತಾದೇವಿಯು ಇಲ್ಲಿ ಮೀಯುತ್ತಿದ್ದಾಗ ಆಕೆಯ ಮೂಗುತಿಯ ಮುತ್ತು ಹೊಳೆಗೆ ಜಾರಿತೆಂದೂ, ಆಂಜನೇಯನು ತನ್ನ ಬಾಲದಿಂದ ಮಡುವನ್ನು ಕಲಕಿ ಅದನ್ನು ಮೇಲೆತ್ತಿ ತಾಯಿಗೆ ಒಪ್ಪಿಸಿದನೆಂದೂ, ಮುತ್ತನ್ನು ಎತ್ತಿದ ಆ ತಾಣವೇ ಮುತ್ತತ್ತಿಯಾಯಿತೆಂದೂ ಸುತ್ತಣ ಜನರು ಹೇಳುತ್ತಾರೆ. ವಾಲ್ಮೀಕಿ ಮಹರ್ಷಿಯ ಕಾವ್ಯದಲ್ಲಿ ಈ ಪ್ರಸಂಗವಿಲ್ಲ. ಇದನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದುದು ಹೊಳೆಯ ದಂಡೆಯ ಹಳ್ಳಿಗರ ನಾಲಗೆ. ಓದುಬರಹ ಬಾರದ ಅಜ್ಜಿಯೊಬ್ಬಳು ಮೊಮ್ಮಗನಿಗೆ ಹೇಳಿದಷ್ಟು ಕಾಲ ಇಂಥ ಕಥೆಯು ಬದುಕಿರುತ್ತದೆ. ಹೇಳುವುದನ್ನು ನಿಲ್ಲಿಸಿದ ದಿನ ಅದು ಮಡುವಿಗೆ ಜಾರುತ್ತದೆ.

ಕಥೆಗೆ ಸಲ್ಲುವ ಈ ಮಾತು ಹಾಡಿಗೂ ಸಲ್ಲುತ್ತದೆ. ಆ ಹಾಡಿನೊಡನೆ ತಿರುಗುತ್ತಿದ್ದ ರಾಗಿಕಲ್ಲಿಗೂ, ಒನಕೆಗೂ, ಮೊರಕ್ಕೂ, ಕೂರಿಗೆಗೂ ಸಲ್ಲುತ್ತದೆ. ಜಾರುತ್ತಿದ್ದ ಈ ಬಗೆಯ ಮುತ್ತುಗಳನ್ನು ಕಾಲಪ್ರವಾಹದಿಂದ ಎತ್ತಿ, ಅವುಗಳಿಗೊಂದು ನೆಲೆಯನ್ನು ಕಟ್ಟಿಕೊಟ್ಟವರು ಇದೇ ಜಿಲ್ಲೆಯಲ್ಲಿ ಹುಟ್ಟಿದ ಕೀರ್ತಿಶೇಷ ಶ್ರೀ ಎಚ್. ಎಲ್. ನಾಗೇಗೌಡರು. ಅವರು ಅಗಲಿ ಎರಡು ದಶಕಗಳು ಸಂದಿವೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಬಳಿ ಅವರು ನಿಲ್ಲಿಸಿಹೋದ ಜಾನಪದ ಲೋಕವು ಇಂದಿಗೂ ಹಳ್ಳಿಯ ಬಾಳಿಗೆ ಹಿಡಿದ ಕನ್ನಡಿಯಾಗಿ ನಿಂತಿದೆ. ಅರಮನೆಯ ರತ್ನಗಳಾಗಲಿ ರಾಜರ ಖಡ್ಗಗಳಾಗಲಿ ಅಲ್ಲಿಲ್ಲ. ಅಲ್ಲಿರುವುದು ಮನೆಮನೆಯ ಹಿತ್ತಿಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿದ್ದ ವಸ್ತುಗಳು. ಅವುಗಳನ್ನು ನೋಡಲು ಜನರು ಚೀಟಿ ಕೊಂಡು ಒಳಗೆ ಹೋಗುವಂತೆ ಮಾಡಿದುದರಲ್ಲಿಯೇ ಆ ಮಹನೀಯರ ಸಾಧನೆಯ ತಿರುಳಿದೆ.

ಈ ಸಾಧನೆಯ ಬೆಲೆಯನ್ನು ಅರಿಯಬೇಕಾದರೆ ವಿದ್ವತ್ಪ್ರಪಂಚದ ಹಳೆಯ ದೃಷ್ಟಿಯೊಂದನ್ನು ನೆನೆಯಬೇಕು. ಅಲಂಕಾರಶಾಸ್ತ್ರದಲ್ಲಿ ಗ್ರಾಮ್ಯವೆಂಬುದು ಕಾವ್ಯದೋಷಗಳಲ್ಲಿ ಒಂದು. ಹಳ್ಳಿಯವನ ನುಡಿ ಕಾವ್ಯಕ್ಕೆ ಹೊಲ್ಲವೆಂಬ ಎಣಿಕೆಯು ಮೆಲ್ಲಮೆಲ್ಲನೆ ಹಬ್ಬಿ, ಹಳ್ಳಿಯವನ ಹಾಡು ಸಾಹಿತ್ಯಕ್ಕೆ ಸೇರದು, ಹಳ್ಳಿಯವನ ಕೈಕೆಲಸ ಕಲೆಗೆ ಸೇರದು ಎಂಬಲ್ಲಿಗೆ ಬಂದು ನಿಂತಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಓದನ್ನರಿಯದ ಜನರಲ್ಲಿಯೂ ಕಾವ್ಯಪ್ರತಿಭೆಯುಂಟೆಂದು ಕನ್ನಡಿಗರನ್ನು ಕೊಂಡಾಡಿದ್ದರೂ, ಆ ಜನರ ಬಾಯಿಂದ ಬಂದುದನ್ನು ಬರೆದಿಡುವ ಕೆಲಸಕ್ಕೆ ಬಹುಕಾಲ ಯಾರೂ ಕೈಹಾಕಲಿಲ್ಲ. ಶಾಸನಗಳಿಗೆ ಸಂಪುಟಗಳಾದವು; ಓಲೆಗರಿಗಳಿಗೆ ಭಂಡಾರಗಳಾದವು; ರಾಗಿ ಬೀಸುವ ತಾಯಿಯ ಪದಕ್ಕೆ ಮಾತ್ರ ಕಲ್ಲಿನ ಸದ್ದೇ ಗತಿಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಈ ಅನಾದರವನ್ನು ತೊಡೆಯಲು ಹೆಣಗಿದ ಹಲವು ಮಹನೀಯರಲ್ಲಿ ನಾಗೇಗೌಡರದು ವಿಶಿಷ್ಟವಾದ ಸ್ಥಾನ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯು ಅವರ ಹುಟ್ಟೂರು. ೧೯೧೫ನೆಯ ಇಸವಿ ಫೆಬ್ರವರಿ ೧೧ ಅವರ ಜನ್ಮದಿನ. ಊರಿನ ಹೆಸರಿನ ಮೊದಲಕ್ಷರವೂ ತಂದೆ ಲಿಂಗೇಗೌಡರ ಹೆಸರಿನ ಮೊದಲಕ್ಷರವೂ ಕೊನೆಯವರೆಗೆ ಅವರ ಹೆಸರಿನ ಮುಂದಿದ್ದುವು. ಮಂಡ್ಯ ಜಿಲ್ಲೆಯೆಂದೊಡನೆ ಕಾಲುವೆಯ ನೀರು, ಬತ್ತದ ಗದ್ದೆ, ಕಬ್ಬಿನ ತೋಟಗಳು ಕಣ್ಣಮುಂದೆ ಬರುತ್ತವೆ. ಆದರೆ ನಾಗಮಂಗಲದ ಕಡೆಯ ಸೀಮೆ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಬೆದ್ದಲು. ರಾಗಿಯೇ ಅಲ್ಲಿಯ ಅನ್ನ. ರಾಗಿಯ ಬೇಸಾಯವೆಂದರೆ ಕೂರಿಗೆಯಲ್ಲಿ ಬಿತ್ತಿ, ಕುಂಟೆಯಲ್ಲಿ ಹರಗಿ, ಕಣದಲ್ಲಿ ತುಳಿಸಿ, ಮೊರದಲ್ಲಿ ತೂರಿ, ಹಗೇವಿನಲ್ಲಿ ತುಂಬಿ, ಬೇಕಾದಾಗ ಬೀಸಿಕೊಳ್ಳುವ ವರ್ಷವಿಡೀ ನಡೆಯುವ ಕಾಯಕ. ಒಂದೊಂದು ಕೆಲಸಕ್ಕೆ ಒಂದೊಂದು ಉಪಕರಣ. ಒಂದೊಂದು ಉಪಕರಣಕ್ಕೆ ಒಂದೊಂದು ಪದ. ಇಂಥ ಸೀಮೆಯಲ್ಲಿ ಹುಟ್ಟಿಬೆಳೆದವರಿಗೆ ಜಾನಪದವು ಗ್ರಂಥದಿಂದ ಕಲಿಯಬೇಕಾದ ವಿಷಯವಾಗಿರಲಿಲ್ಲ. ಜಾನಪದ ವಿದ್ವಾಂಸರಾದ ಶ್ರೀ ಜೀ. ಶಂ. ಪರಮಶಿವಯ್ಯನವರೂ ಇದೇ ನಾಗಮಂಗಲ ತಾಲ್ಲೂಕಿನವರೆಂಬುದನ್ನು ಇಲ್ಲಿ ನೆನೆಯಬಹುದು.

ವಿಜ್ಞಾನ ಮತ್ತು ಕಾನೂನುಗಳಲ್ಲಿ ಪದವಿ ಪಡೆದ ನಾಗೇಗೌಡರು ಸರಕಾರದ ಸೇವೆಗೆ ಸೇರಿ, ಮೈಸೂರು ಸಂಸ್ಥಾನದ ಕಾಲದಿಂದ ಏಕೀಕೃತ ರಾಜ್ಯದ ಕಾಲದವರೆಗೆ ನಾನಾ ಹುದ್ದೆಗಳನ್ನು ನಿರ್ವಹಿಸಿ, ಭಾರತೀಯ ಆಡಳಿತ ಸೇವೆಯ ಅಧಿಕಾರಿಗಳಾದರು. ಹಳ್ಳಿಯಿಂದ ಬಂದು ದೊಡ್ಡ ಅಧಿಕಾರಕ್ಕೇರಿದ ಎಷ್ಟೋ ಮಂದಿಗೆ ಹುಟ್ಟೂರಿನ ಹಟ್ಟಿ, ಕೊಟ್ಟಿಗೆ, ಮಣ್ಣಿನ ಗಡಿಗೆಗಳು ಮರೆಯಬೇಕಾದ ನೆನಪುಗಳಾಗುತ್ತವೆ. ನಾಗೇಗೌಡರಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಕಂದಾಯದ ಲೆಕ್ಕ ನೋಡುವ ಅಧಿಕಾರಿ ಹಳ್ಳಿಯನ್ನು ಪಹಣಿಯ ಮೂಲಕ ಕಾಣುವನು. ಇವರು ಅದನ್ನು ಪದದ ಮೂಲಕವೂ ಕಂಡರು.

ಬರವಣಿಗೆಯೂ ಅವರಿಗೆ ಸಹಜವಾಗಿಯೇ ಒಲಿದಿತ್ತು. ದೊಡ್ಡಮನೆ ಎಂಬ ಅವರ ಕಾದಂಬರಿ ಹಳ್ಳಿಯ ಬಾಳನ್ನು ವಿಸ್ತಾರವಾಗಿ ಹರಡಿ ತೋರಿಸುವ ಕೃತಿ. ಬೆಟ್ಟದಿಂದ ಬಟ್ಟಲಿಗೆ ಎಂಬುದು ಕಾಫಿಯನ್ನು ಕುರಿತದ್ದು. ಪ್ರವಾಸಿ ಕಂಡ ಇಂಡಿಯಾ ಎಂಬ ಸಂಪುಟಗಳಲ್ಲಿ ಅವರು ಬೇರೆ ಬೇರೆ ಕಾಲಗಳಲ್ಲಿ ಈ ದೇಶಕ್ಕೆ ಬಂದ ಹೊರನಾಡಿಗರ ವೃತ್ತಾಂತಗಳನ್ನು ಕನ್ನಡಿಗರ ಮುಂದಿಟ್ಟರು. ಈ ಕೊನೆಯ ಕೃತಿಗೂ ಅವರ ಮುಂದಿನ ಕಾರ್ಯಕ್ಕೂ ಒಳನಂಟು ಉಂಟು. ದೂರದಿಂದ ಬಂದ ಯಾತ್ರಿಕನಿಗೆ ಇಲ್ಲಿಯ ಜನರ ಉಡುಗೆ, ಊಟ, ಹಬ್ಬ, ಸಂತೆಗಳೆಲ್ಲವೂ ಬರೆದಿಡಬೇಕಾದ ಸಂಗತಿಗಳಾಗಿ ತೋರುತ್ತವೆ. ಅವುಗಳ ನಡುವೆಯೇ ಬಾಳುವವನಿಗೆ ಅವು ಕಣ್ಣಿಗೇ ಬೀಳುವುದಿಲ್ಲ. ಸ್ವಂತ ಊರನ್ನು ಪರದೇಶದ ಯಾತ್ರಿಕನ ಕುತೂಹಲದಿಂದಲೂ ಊರ ಮಗನ ಅಕ್ಕರೆಯಿಂದಲೂ ಒಟ್ಟಿಗೇ ನೋಡಬಲ್ಲವನಿಗೆ ಮಾತ್ರ ವಸ್ತುಸಂಗ್ರಹಾಲಯವನ್ನು ಕಟ್ಟುವ ಯೋಗ್ಯತೆ ಬರುತ್ತದೆ.

ಅವರ ಕಣ್ಣೆದುರಿನಲ್ಲಿಯೇ ಕಾಲವು ಬದಲಾಗುತ್ತಿತ್ತು. ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಎದ್ದಿತು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ನಾಡಿಗೆ ಸಮೃದ್ಧಿ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಹಳ್ಳಿಗೆ ವಿದ್ಯುತ್ತು ಬಂದಿತು, ಅದರ ಬೆನ್ನಿಗೆ ಹಿಟ್ಟಿನ ಗಿರಣಿ ಬಂದಿತು. ಬೆಳಗಿನ ಜಾವಕ್ಕೆ ಎದ್ದು ಕಲ್ಲಿನ ಮುಂದೆ ಕುಳಿತು ತೋಳು ಸೋಲುವವರೆಗೆ ರಾಗಿ ಬೀಸುತ್ತಿದ್ದ ಹೆಣ್ಣುಮಕ್ಕಳಿಗೆ ಗಿರಣಿಯು ನೀಡಿದ ಬಿಡುಗಡೆ ಸಣ್ಣದಲ್ಲ. ಆದರೆ ಕಲ್ಲು ನಿಂತೊಡನೆ ಪದವೂ ನಿಂತಿತು. ತವರಿನ ಹಂಬಲ, ಅತ್ತೆಯ ಕಾಟ, ಮಗನ ತೊಟ್ಟಿಲು, ಮಾದೇಶ್ವರನ ಮಹಿಮೆ, ಎಲ್ಲವನ್ನೂ ಆಕೆ ಹಾಡುತ್ತಿದ್ದುದು ಆ ಕಲ್ಲಿನ ಸುತ್ತಿಗೆ ಹೊಂದಿಸಿಕೊಂಡು. ಗಿರಣಿಯ ಮುಂದೆ ಸಾಲಿನಲ್ಲಿ ನಿಂತು ಆ ಪದವನ್ನು ಯಾರೂ ಹಾಡುವುದಿಲ್ಲ.

ಹೀಗೆಯೇ ಒಂದರ ಹಿಂದೊಂದು. ೧೯೫೬ರ ಕಾಯಿದೆಯ ತರುವಾಯ ದಶಮಾನ ಪದ್ಧತಿಯ ತೂಕ ಅಳತೆಗಳು ಬಳಕೆಗೆ ಬಂದು, ಸೇರು, ಪಾವು, ಚಟಾಕು, ಬಳ್ಳ, ಕೊಳಗಗಳು ಮೂಲೆ ಸೇರಿದುವು. ಉಕ್ಕಿನ ಪಾತ್ರೆ ಬಂದು ಕುಂಬಾರನ ಚಕ್ರ ನಿಧಾನವಾಯಿತು. ಪ್ಲಾಸ್ಟಿಕ್ಕಿನ ಬುಟ್ಟಿ ಬಂದು ಮೇದರ ಕೈ ಬರಿದಾಯಿತು. ಪಂಪುಸೆಟ್ಟು ಬಂದು ಏತವೂ ಕಪಿಲೆಯೂ ಬಾವಿಯ ದಂಡೆಯಲ್ಲಿಯೇ ಮುರಿದುಬಿದ್ದುವು. ಬಂದುದಾವುದನ್ನೂ ಬೇಡವೆನ್ನಲಾಗದು. ಹೋದುದಕ್ಕೊಂದು ಲೆಕ್ಕವಾದರೂ ಬೇಡವೇ ಎಂಬುದೇ ನಾಗೇಗೌಡರ ಬದುಕು ಎತ್ತಿದ ಪ್ರಶ್ನೆ.

ಈ ಲೆಕ್ಕವನ್ನು ಅವರು ಮೊದಲಿಗೆ ಹಾಡುಗಳಿಂದ ಆರಂಭಿಸಿದರು. ಸೋಬಾನೆ ಚಿಕ್ಕಮ್ಮನ ಪದಗಳು, ಪದವವೆ ನಮ್ಮ ಎದೆಯಲ್ಲಿ ಮೊದಲಾದ ಸಂಗ್ರಹಗಳು ಅವರ ಪರಿಶ್ರಮದ ಫಲಗಳು. ಮದುವೆಯ ಮನೆಯಲ್ಲಿ ಹಸೆಯ ಮುಂದೆ ಸೋಬಾನೆ ಹೇಳುವ ಹೆಂಗಸಿನ ಹೆಸರನ್ನು ಗ್ರಂಥದ ಮೇಲೆ ಅಚ್ಚುಮಾಡಿಸಿದುದು ಸಣ್ಣ ಸಂಗತಿಯಾಗಿ ತೋರಬಹುದು. ಅಜ್ಞಾತಕವಿಯೆಂದು ತಳ್ಳಿಬಿಡುತ್ತಿದ್ದ ಕಡೆಯಲ್ಲಿ ಒಬ್ಬಳು ತಾಯಿಗೆ ಕವಯಿತ್ರಿಯ ಗೌರವ ದೊರೆತುದು ಅದರಿಂದ. ಹೆಳವರ ಕಾವ್ಯಗಳನ್ನು ಕುರಿತೂ ಅವರು ಗ್ರಂಥ ರಚಿಸಿದರು. ಹೆಳವರೆಂದರೆ ಎತ್ತನ್ನೇರಿ ಊರೂರು ತಿರುಗುತ್ತ, ಒಂದೊಂದು ಮನೆತನದ ಮೂಲಪುರುಷನಿಂದ ತೊಡಗಿ ವಂಶಾವಳಿಯನ್ನು ಒಪ್ಪಿಸುವ ಜನ. ಅರಸರ ವಂಶಾವಳಿಗೆ ತಾಮ್ರಶಾಸನಗಳಿವೆ. ಒಕ್ಕಲಿನ ವಂಶಾವಳಿಗೆ ಹೆಳವನ ನೆನಪೇ ತಾಮ್ರಶಾಸನ. ಇದನ್ನು ಸ್ಥಳೀಯ ಇತಿಹಾಸವೆನ್ನದೆ ಇನ್ನೇನೆನ್ನಬೇಕು?

೧೯೭೯ರಲ್ಲಿ, ಇತರರು ವಿಶ್ರಾಂತಿಯನ್ನು ಬಯಸುವ ಅರವತ್ತನಾಲ್ಕರ ವಯಸ್ಸಿನಲ್ಲಿ, ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಒಬ್ಬರ ಅಕ್ಕರೆಯು ಒಬ್ಬರ ಆಯುಷ್ಯದೊಡನೆ ಮುಗಿಯುತ್ತದೆ. ಸಂಸ್ಥೆಯಾದರೆ ಮುಂದಕ್ಕೆ ಉಳಿಯುತ್ತದೆಯೆಂಬುದನ್ನು ಆಡಳಿತದಲ್ಲಿ ಪಳಗಿದ ಅವರು ಬಲ್ಲರು. ಭೂಮಿಯನ್ನು ದೊರಕಿಸುವುದು, ಹಣವನ್ನು ಕೂಡಿಸುವುದು, ಲೆಕ್ಕವನ್ನು ಒಪ್ಪವಾಗಿಡುವುದು, ಕಲಾವಿದರನ್ನು ಒಂದೆಡೆ ಸೇರಿಸುವುದು ಇವೆಲ್ಲ ಕವಿಹೃದಯಕ್ಕೆ ಸಹಜವಾದ ಕೆಲಸಗಳಲ್ಲ. ಕವಿಹೃದಯವೂ ಕಚೇರಿಯ ಶಿಸ್ತೂ ಒಬ್ಬರಲ್ಲಿಯೇ ಕೂಡಿಬಂದುದು ಕನ್ನಡ ಜಾನಪದದ ಭಾಗ್ಯ.

ಇಂಥ ಕಾರ್ಯಕ್ಕೆ ಲೋಕದಲ್ಲಿ ಪೂರ್ವದೃಷ್ಟಾಂತಗಳಿಲ್ಲದಿರಲಿಲ್ಲ. ಸ್ವೀಡನ್ ದೇಶದಲ್ಲಿ ಆರ್ತುರ್ ಹಜೇಲಿಯಸ್ ಎಂಬ ವಿದ್ವಾಂಸನು ಹಳ್ಳಿಗಳ ಹಳೆಯ ಮನೆಗಳನ್ನೇ ಬಿಚ್ಚಿ ತರಿಸಿ, ೧೮೯೧ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ತೆರೆದನು. ಕಾರ್ಖಾನೆಗಳ ಯುಗದಲ್ಲಿ ಹಳ್ಳಿಯ ಬಾಳು ಕರಗಿಹೋಗುತ್ತಿದೆಯೆಂಬ ಕಳವಳವೇ ಅಲ್ಲಿಯೂ ಪ್ರೇರಣೆ. ವಂಗದೇಶದಲ್ಲಿ ಆಂಗ್ಲರ ಕಾಲದ ಆಡಳಿತಾಧಿಕಾರಿಯಾಗಿದ್ದ ಗುರುಸದಯ ದತ್ತರು ಹೊಲಿದ ಕಂಥೆಗಳು, ಪಟಚಿತ್ರಗಳು, ಮಣ್ಣಿನ ಗೊಂಬೆಗಳನ್ನು ಕೂಡಿಸಿದರು. ಅವರು ೧೯೪೧ರಲ್ಲಿ ತೀರಿಕೊಂಡ ಮೇಲೆ ಕೋಲ್ಕತ್ತದ ಬಳಿ ಅವರ ಹೆಸರಿನ ಸಂಗ್ರಹಾಲಯವಾಯಿತು. ಪುಣೆಯ ದಿನಕರ ಕೇಳಕರರು ದೀಪ, ಅಡಕೊತ್ತು, ವಾದ್ಯಗಳೆಂದು ಮನೆಬಳಕೆಯ ವಸ್ತುಗಳನ್ನು ಜೀವಮಾನವಿಡೀ ಕೂಡಿಸಿ, ಎಳವೆಯಲ್ಲಿಯೇ ಗತಿಸಿದ ಮಗನ ಹೆಸರನ್ನು ಆ ಸಂಗ್ರಹಕ್ಕಿಟ್ಟರು. ಕನ್ನಡನಾಡಿನಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯವು ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಆರಂಭಿಸಿತ್ತು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಅದು ನೆಲೆಗೊಂಡಿತು. ನಾಗೇಗೌಡರು ಹಿಡಿದ ದಾರಿ ಇವುಗಳಿಗೆ ಸಮೀಪವಾದುದಾದರೂ ಅವರ ಲೋಕವು ಅರಮನೆಯಲ್ಲಲ್ಲ, ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಎದ್ದಿತು. ದಾರಿಹೋಕನಾದ ರೈತನೂ ಗಾಡಿ ನಿಲ್ಲಿಸಿ ಒಳಗೆ ಬರಬಹುದಾದ ಜಾಗ ಅದು.

೧೯೯೪ರಲ್ಲಿ ಜಾನಪದ ಲೋಕವು ಲೋಕಾರ್ಪಣೆಯಾದಾಗ ನಾಗೇಗೌಡರಿಗೆ ಎಪ್ಪತ್ತೊಂಬತ್ತು ವರ್ಷ. ಹದಿನೈದು ಎಕರೆಯ ಆವರಣದಲ್ಲಿ ಐದು ಸಾವಿರಕ್ಕೂ ಮಿಕ್ಕ ವಸ್ತುಗಳು ಇಂದು ಅಲ್ಲಿವೆ. ಅದರ ವಿಭಾಗಗಳ ಹೆಸರುಗಳಲ್ಲಿಯೇ ಕಟ್ಟಿದವರ ಮನಸ್ಸು ಕಾಣುತ್ತದೆ. ಮನೆಬಳಕೆಯ ವಸ್ತುಗಳಿರುವ ಕಟ್ಟಡಕ್ಕೆ ಲೋಕಮಾತಾ ಮಂದಿರವೆಂದು ಹೆಸರು. ಬೀಸುವ ಕಲ್ಲು, ಒರಳು, ಒನಕೆ, ಮೊರ, ಕಡಗೋಲು, ಗುಡಾಣ, ವಾಡೆಗಳ ಬಳಿಗೆ ಬಂದವರು ತಾವು ಪಾಕಶಾಲೆಯ ಪಾತ್ರೆಪರಡಿಯನ್ನಲ್ಲ, ತಾಯಂದಿರ ದುಡಿಮೆಯನ್ನು ನೋಡುತ್ತಿರುವೆವೆಂದು ಆ ಹೆಸರಿನಿಂದಲೇ ತಿಳಿಯುತ್ತಾರೆ. ಕಲ್ಲಿನ ಗೂಟವು ಕೈಯುಜ್ಜಿ ಉಜ್ಜಿ ನುಣುಪಾಗಿರುವುದನ್ನು ನಿಂತು ಗಮನಿಸಿದವನಿಗೆ, ಹೆಸರಿಲ್ಲದ ಎಷ್ಟು ಕೈಗಳು ಎಷ್ಟು ಬೆಳಗುಗಳಲ್ಲಿ ಅದನ್ನು ಹಿಡಿದಿದ್ದುವೆಂಬುದು ಹೇಳದೆಯೇ ಅರ್ಥವಾಗುತ್ತದೆ.

ಚಿತ್ರಕುಟೀರದಲ್ಲಿ ಜನಪದ ಜೀವನದ ಛಾಯಾಚಿತ್ರಗಳಿವೆ. ಲೋಕಮಹಲಿನಲ್ಲಿ ಬಣ್ಣದ ಸೋಮನ ಮುಖಗಳು, ತೊಗಲುಗೊಂಬೆಗಳು, ಸೂತ್ರದ ಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ವಾದ್ಯಗಳು ನೋಡುವವರ ಕಣ್ಣನ್ನು ತುಂಬುತ್ತವೆ. ಆಯಗಾರರ ಮಾಳದಲ್ಲಿ ಗಾಣ, ನೇಗಿಲು ಮೊದಲಾದ ಕಸುಬಿನ ಸಲಕರಣೆಗಳಿವೆ. ಆಯವೆಂದರೆ ಸುಗ್ಗಿಯಲ್ಲಿ ಕಣದ ಬಳಿ ಒಕ್ಕಲಿಗನು ಅಳೆದುಕೊಡುತ್ತಿದ್ದ ಧಾನ್ಯದ ಪಾಲು. ಬಡಗಿ, ಕಮ್ಮಾರ, ಕುಂಬಾರ, ಅಗಸ ಮುಂತಾದವರು ವರ್ಷವಿಡೀ ಊರಿಗೆ ಮಾಡಿದ ಕೆಲಸಕ್ಕೆ ಅದೇ ಪ್ರತಿಫಲ. ಹಣದ ಚಲಾವಣೆ ವಿರಳವಾಗಿದ್ದ ಕಾಲದಲ್ಲಿ ಊರೆಂಬುದು ಹೇಗೆ ನಡೆಯುತ್ತಿತ್ತು, ಯಾರ ಬೆವರು ಎಲ್ಲಿ ಸುರಿಯುತ್ತಿತ್ತು, ಯಾರಿಗೆ ಎಷ್ಟು ಪಾಲು ಸಲ್ಲುತ್ತಿತ್ತು ಎಂಬ ವಿಚಾರಗಳೆಲ್ಲ ಆ ಸಲಕರಣೆಗಳ ಮುಂದೆ ನಿಂತಾಗ ಮನಸ್ಸಿಗೆ ಬರುತ್ತವೆ. ಆ ವ್ಯವಸ್ಥೆಯಲ್ಲಿ ಬಾಂಧವ್ಯವಿದ್ದಂತೆ ಮೇಲುಕೀಳಿನ ಕಟ್ಟುಪಾಡೂ ಇದ್ದಿತು. ಎರಡನ್ನೂ ಮರೆಮಾಚದೆ ತಿಳಿಯುವುದೇ ಇತಿಹಾಸದ ಅಧ್ಯಯನ.

ಶಿಲ್ಪಮಾಳದಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳಿವೆ. ಊರ ತುರುಗಳಿಗಾಗಿ, ಊರ ಹೆಣ್ಣುಮಕ್ಕಳ ಮಾನಕ್ಕಾಗಿ ಹೋರಾಡಿ ಮಡಿದವನ ನೆನಪಿಗೆ ಊರವರು ನಿಲ್ಲಿಸಿದ ಕಲ್ಲುಗಳೇ ವೀರಗಲ್ಲುಗಳು. ಸಾಮಾನ್ಯವಾಗಿ ಇಂಥ ಕಲ್ಲಿನಲ್ಲಿ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಅಪ್ಸರೆಯರು ಒಯ್ಯುವ ನೋಟ, ಮೇಲಣ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ. ಕೆಳಗಿನಿಂದ ಮೇಲಕ್ಕೆ ಓದಬೇಕೆಂಬ ಒಂದು ಮಾತನ್ನು ಉಪಾಧ್ಯಾಯರು ಹೇಳಿಕೊಟ್ಟರೆ ಸಾಕು; ಅಕ್ಷರವಿಲ್ಲದ ಆ ಕಲ್ಲನ್ನು ಏಳನೆಯ ತರಗತಿಯ ಬಾಲಕನೂ ಓದಬಲ್ಲನು. ಅನಂತರ ಅವನು ತನ್ನ ಊರ ಕೆರೆಯ ಏರಿಯ ಮೇಲೆ ಅರ್ಧ ಹೂತು ನಿಂತ ಕಲ್ಲನ್ನು ಕಂಡಾಗ ಅದರ ಮೇಲೆ ಬಟ್ಟೆ ಒಗೆಯಲು ಬಿಡಲಾರನು.

ವಸ್ತುಸಂಗ್ರಹಾಲಯಗಳನ್ನು ಕುರಿತು ವಿಚಾರವಂತರು ಎತ್ತುವ ಆಕ್ಷೇಪವೊಂದುಂಟು. ಪೂಜೆಗೊಳ್ಳುತ್ತಿದ್ದ ಸೋಮನ ಮುಖವನ್ನು ಗುಡಿಯಿಂದ ತಂದು ಗೋಡೆಗೆ ತೂಗುಹಾಕಿದರೆ ಅದು ಬರಿಯ ಮರದ ತುಂಡಾಗದೇ? ತಿರುಗದ ಕಲ್ಲು, ಕುಟ್ಟದ ಒನಕೆ, ಕುಣಿಯದ ಗೊಂಬೆಗಳು ನಿರ್ಜೀವವಲ್ಲವೇ? ಈ ಆಕ್ಷೇಪಕ್ಕೆ ನಾಗೇಗೌಡರು ವಾದದಿಂದಲ್ಲ, ಕಾರ್ಯದಿಂದ ಉತ್ತರವಿತ್ತರು. ವಸ್ತುಗಳೊಡನೆ ಧ್ವನಿಯನ್ನೂ ಸಂಗ್ರಹಿಸಿದರು. ಗಾಯಕರ ಹಾಡು, ಕುಣಿತ, ಕಥನಗಳ ಧ್ವನಿಮುದ್ರಣ ಮತ್ತು ದೃಶ್ಯಮುದ್ರಣಗಳನ್ನು ಮಾಡಿಸಿದರು. ಆವರಣದಲ್ಲಿ ಬಯಲು ರಂಗಮಂದಿರವು ಎದ್ದಿತು. ಕಲಾವಿದರೇ ಬಂದು ಹಾಡಿ ಕುಣಿಯುವ ಲೋಕೋತ್ಸವಗಳು ನಡೆದುವು. ಹೊಸ ತಲೆಮಾರಿಗೆ ಶಿಕ್ಷಣವನ್ನು ನೀಡುವ ಏರ್ಪಾಡಾಯಿತು. ಗಾಜಿನ ಪೆಟ್ಟಿಗೆಯಲ್ಲಿರುವ ಕಂಸಾಳೆಯು ಮೂಕ. ಮಾದೇಶ್ವರನ ದೇವರಗುಡ್ಡನ ಕೈಯಲ್ಲಿ ಅದು ಮಾತನಾಡುತ್ತದೆ. ಎರಡೂ ಒಂದೇ ಅಂಗಳದಲ್ಲಿದ್ದಾಗ ನೋಡುವವರಿಗೆ ವಸ್ತುವಿನ ಹಿಂದಿರುವ ಮನುಷ್ಯನು ಕಾಣುತ್ತಾನೆ.

ಈ ಮಾತು ಮುತ್ತತ್ತಿ, ಮಳವಳ್ಳಿ, ಮದ್ದೂರುಗಳ ಸೀಮೆಗೆ ಹೆಚ್ಚಾಗಿ ಅನ್ವಯಿಸುತ್ತದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಮುಖ್ಯ ಸ್ಥಾನ. ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ಸೀಮೆ ಇದು. ಕಲ್ಯಾಣದ ಬಸವಣ್ಣನವರ ಕಥೆ ಆ ಕಾವ್ಯದಲ್ಲಿ ಪಂಡಿತರು ಬಲ್ಲ ರೂಪಕ್ಕಿಂತ ಬೇರೆಯೇ ಆದ ರೂಪದಲ್ಲಿ ಬಾಳುತ್ತಿದೆ. ವೀರಗಾಸೆಯ ಪುರವಂತ, ನಂದಿಕೋಲಿನ ಕುಣಿತಗಾರ, ಕಂಸಾಳೆಯ ಗುಡ್ಡ ಇವರೆಲ್ಲರೂ ಶರಣರ ಹೆಸರನ್ನು ಗ್ರಂಥವನ್ನೋದದೆಯೂ ಉಳಿಸಿಕೊಂಡು ಬಂದವರು. ಗ್ರಂಥಸ್ಥವಾದುದು ಮಾತ್ರವೇ ಪರಂಪರೆಯೆಂದು ಎಣಿಸಿದರೆ ಈ ಅರ್ಧ ಪರಂಪರೆಯನ್ನು ಕಳೆದುಕೊಂಡಂತೆಯೇ ಸರಿ.

೧೯೯೫ರಲ್ಲಿ ಮುಧೋಳದಲ್ಲಿ ನಡೆದ ಅರವತ್ತನಾಲ್ಕನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ನಾಗೇಗೌಡರು ಅಲಂಕರಿಸಿದರು. ಗ್ರಾಮ್ಯವೆಂದು ಹೊರಗಿರಿಸಿದ್ದುದಕ್ಕೆ ಜೀವಮಾನವನ್ನು ತೆತ್ತ ಒಬ್ಬರನ್ನು ಕನ್ನಡ ಸಾಹಿತ್ಯವು ತನ್ನ ಪ್ರಧಾನ ಪೀಠದ ಮೇಲೆ ಕುಳ್ಳಿರಿಸಿದ ಆ ದಿನ ಹಳೆಯ ಋಣವೊಂದರ ಕಂತು ಸಂದಾಯವಾಯಿತೆನ್ನಬಹುದು. ಮುಂದಿನ ಹತ್ತು ವರ್ಷಗಳನ್ನೂ ಅವರು ತಮ್ಮ ಲೋಕದ ಚಿಂತನೆಯಲ್ಲಿಯೇ ಕಳೆದರು. ೨೦೦೫ರ ಸೆಪ್ಟೆಂಬರ್ ೨೨ರಂದು, ತೊಂಬತ್ತು ವರ್ಷಗಳ ತುಂಬುಬಾಳನ್ನು ಮುಗಿಸಿ, ಶಿವೈಕ್ಯರಾದರು. ಜಾನಪದಕ್ಕಾಗಿಯೇ ಒಂದು ವಿಶ್ವವಿದ್ಯಾಲಯವು ೨೦೧೧ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಸ್ಥಾಪಿತವಾದುದನ್ನು ಕಾಣಲು ಅವರು ಇರಲಿಲ್ಲ. ಆದರೆ ಅಂಥದೊಂದು ಸಂಸ್ಥೆಯನ್ನು ನಾಡು ಬೇಕೆನ್ನುವಂತೆ ಮಾಡಿದ ಹಿರಿಯರಲ್ಲಿ ಅವರೂ ಒಬ್ಬರು.

ಮಹನೀಯರ ಚರಿತ್ರೆಯನ್ನು ಓದುವುದು ಕೈಮುಗಿದು ಸುಮ್ಮನಾಗುವುದಕ್ಕಲ್ಲ. ಪ್ರತಿವರ್ಷವೂ ಶಾಲೆಗಳಿಂದ ಪ್ರವಾಸಗಳು ಹೊರಡುತ್ತವೆ. ಅರಮನೆ, ಮೃಗಾಲಯ, ಬೃಂದಾವನಗಳನ್ನು ಮಕ್ಕಳು ನೋಡಿ ನಲಿಯುತ್ತಾರೆ, ನಲಿಯಲಿ. ಮುತ್ತತ್ತಿಗೆ ಹೋಗಿ ಹೊಳೆಯಲ್ಲಿ ಕೈಕಾಲು ತೊಳೆದು ಆಂಜನೇಯನಿಗೆ ನಮಿಸಿ ಬರುತ್ತಾರೆ, ಬರಲಿ. ಆದರೆ ದಾರಿಯಲ್ಲಿ ಸಿಗುವ ಸಣ್ಣ ಸಂಗ್ರಹಾಲಯಗಳನ್ನು ಹೊತ್ತಾಯಿತೆಂದು ದಾಟಿಹೋಗುವ ವಾಡಿಕೆ ತಪ್ಪಬೇಕು. ದೊಡ್ಡ ವಸ್ತುಸಂಗ್ರಹಾಲಯದಲ್ಲಿ ಮಗುವು ಬೆರಗಾಗುತ್ತದೆ; ಸಣ್ಣ ಸಂಗ್ರಹಾಲಯದಲ್ಲಿ ಗುರುತು ಹಿಡಿಯುತ್ತದೆ. ಇದು ನಮ್ಮಜ್ಜಿಯ ಮನೆಯಲ್ಲಿದೆ ಎಂದು ಒಂದು ಮಗು ಮುಂದೆ ಬಂದು ಹೇಳಿದ ಕ್ಷಣದಲ್ಲಿ ಅದರ ಮನಸ್ಸಿನೊಳಗಿನ ಸಂಕೋಚವೊಂದು ಕಳಚುತ್ತದೆ. ಹಳ್ಳಿಯ ಬಡಮನೆಯಿಂದ ಬಂದ ಆ ಮಗುವು ತನ್ನ ಮನೆಗೂ ಇತಿಹಾಸವಿದೆಯೆಂದು ಅರಿತುಕೊಳ್ಳುತ್ತದೆ. ಪಠ್ಯಪುಸ್ತಕದ ಯಾವ ಪಾಠವೂ ಈ ಅರಿವನ್ನು ಇಷ್ಟು ಸುಲಭವಾಗಿ ಕೊಡಲಾರದು.

ನೋಡುವುದಕ್ಕೂ ಒಂದು ಕ್ರಮವಿದೆ. ಸಾಲಾಗಿ ನಡೆದು ಹೊರಬರುವುದು ನೋಟವಲ್ಲ. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ವಸ್ತುವನ್ನು ಆರಿಸಿಕೊಳ್ಳಲು ಹೇಳಿ, ಅದರ ಹೆಸರೇನು, ಯಾವುದರಿಂದ ಮಾಡಿದ್ದು, ಯಾರು ಮಾಡಿದರು, ಯಾರು ಬಳಸಿದರು, ಎಲ್ಲಿ ಸವೆದಿದೆ ಎಂಬ ಐದು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿಸಬೇಕು. ಅಲ್ಲಿ ಸಿಕ್ಕದ ಉತ್ತರವನ್ನು ಮನೆಯ ಹಿರಿಯರಲ್ಲಿ ಕೇಳಿ ಬರೆದು ತರಿಸಬೇಕು. ಪ್ರವಾಸದ ಫಲ ನಿಜವಾಗಿ ತೊಡಗುವುದು ಮಗುವು ಮನೆಗೆ ಮರಳಿ ಅಜ್ಜಿಯ ಬಳಿ ಕುಳಿತು ಪ್ರಶ್ನೆ ಕೇಳಿದಾಗ.

ತಡಮಾಡಲು ಹೊತ್ತಿಲ್ಲ. ಕಲ್ಲಿನಲ್ಲಿ ರಾಗಿ ಬೀಸಿ ಪದ ಹೇಳಿದ ತಲೆಮಾರು ಕಣ್ಮರೆಯಾಗುತ್ತಿದೆ. ವಾಡೆ ಒಡೆದರೆ ಇನ್ನೊಂದು ವಾಡೆಯನ್ನು ಮಾಡಿಸಬಹುದೇನೋ. ಅದರಲ್ಲಿ ಕಾಳು ತುಂಬಿ, ಹುಳು ಬೀಳದಂತೆ ಬೂದಿ ಬೆರೆಸಿ, ಬಾಯಿಗೆ ಸಗಣಿ ಮೆತ್ತುತ್ತಿದ್ದವಳ ತಿಳಿವಳಿಕೆ ಅವಳೊಡನೆ ಹೋದರೆ ಮರಳಿ ಬಾರದು. ಉಪಾಧ್ಯಾಯರು ಮನಸ್ಸು ಮಾಡಿದರೆ ಪ್ರತಿಯೊಂದು ಶಾಲೆಯಲ್ಲಿಯೂ ಒಂದು ಕೊಠಡಿ, ಕೊಠಡಿಯಿಲ್ಲದಿದ್ದರೆ ಒಂದು ಮೂಲೆಯಾದರೂ, ಊರ ವಸ್ತುಗಳಿಗೆ ಮೀಸಲಾಗಬಲ್ಲದು. ಹಳೆಯ ವಿದ್ಯಾರ್ಥಿಗಳು ಮನೆಯನ್ನು ಕೆಡವಿ ಕಟ್ಟಿಸುವಾಗ ಅಟ್ಟದ ಮೇಲಿನ ಕೊಳಗವನ್ನು ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕದೆ ಶಾಲೆಗೆ ಕಳುಹಿಸಬಹುದು. ಅದರೊಡನೆ ಅದನ್ನು ಬಳಸಿದವರ ಹೆಸರನ್ನೂ ಊರನ್ನೂ ಬರೆದ ಚೀಟಿಯನ್ನಿಡುವುದು ಇನ್ನೂ ಮುಖ್ಯ. ಹೆಸರಿಲ್ಲದ ವಸ್ತು ಬರಿ ಸಾಮಾನು. ಹೆಸರಿರುವ ವಸ್ತು ಇತಿಹಾಸದ ಸಾಕ್ಷಿ. ದಾನಿಗಳು ಅನ್ನಕ್ಕೂ ಕಟ್ಟಡಕ್ಕೂ ನೀಡುವ ಕೈಯಿಂದಲೇ ಇಂಥದೊಂದು ಕಪಾಟಿಗೂ, ಮಕ್ಕಳ ಒಂದು ದಿನದ ಪ್ರವಾಸಕ್ಕೂ ನೀಡಿದರೆ ಅದು ಅಕ್ಷರದಾಸೋಹದ ಭಾಗವೇ ಆದೀತು.

ಸರಕಾರದ ದೊಡ್ಡ ಹುದ್ದೆಗಳಲ್ಲಿದ್ದವರು ಅನೇಕರು. ನಿವೃತ್ತರಾದೊಡನೆ ಅವರ ಹೆಸರು ಕಡತದೊಳಗೆ ಸೇರಿಹೋಗುತ್ತದೆ. ನಾಗೇಗೌಡರ ಹೆಸರು ರಾಗಿಕಲ್ಲಿನೊಡನೆ, ಸೋಬಾನೆಯೊಡನೆ, ಸೋಮನ ಕುಣಿತದೊಡನೆ ಸೇರಿದೆ. ಜನರು ಬಿಸಾಡಿದುದನ್ನು ಅವರು ಎತ್ತಿದರು. ಎತ್ತಿದುದನ್ನು ತಮ್ಮ ಮನೆಗೆ ಒಯ್ಯದೆ ಜನರಿಗೇ ಒಪ್ಪಿಸಿದರು. ಆ ಸಂಪತ್ತಿಗೆ ಇನ್ನು ಮೇಲೆ ಜನರೇ ಕಾವಲು.